ಹಳೇ ಜೂಮ್, ಮೊಬೈಲ್ ಟಾರ್ಚ್

ತುಮಕೂರಲ್ಲಿ ಒಂದು ಹಳೇ ಸ್ಟುಡಿಯೊ ಮುಚ್ಚುತ್ತಿದ್ದಾರೆ ಅಂತ ಗೊತ್ತಾಯಿತು. ಹೋದೆ. ಗಾಜಿನ ಬೀರುವಿನಲ್ಲಿ ವಿವಿಟಾರ್ ಸೀರೀಸ್ 1, 70-210 ಎಂಎಂ ಜೂಮ್ ಲೆನ್ಸ್! ನನ್ನ ಫಿಲ್ಮ್ ಕ್ಯಾಮೆರಾ ಪೆಂಟಾಕ್ಸ್ ಕೆ1000ಕ್ಕೆ ಕೂರುವಂಥದ್ದೇ.

"ಮೂರು ಸಾವಿರ ಕೊಡಿ ಸಾಕು" ಅಂದರು ಯಜಮಾನರು.

"ತಡೀರಿ ಸಾರ್, ಮೊದಲು ನೋಡ್ತೀನಿ."

ಲೆನ್ಸಿನ ಸೀರಿಯಲ್ ನಂಬರ್ 22ರಿಂದ ಶುರುವಾಗಿತ್ತು. ವಿವಿಟಾರ್ ಅಮೆರಿಕದ ಹೆಸರು, ಲೆನ್ಸ್ ಮಾಡಿಸುತ್ತಿದ್ದದ್ದು ಜಪಾನಿನ ಬೇರೆಯವರ ಹತ್ತಿರ. 22 ಅಂದರೆ ಕಿನೊ, 37 ಅಂದರೆ ಟೊಕಿನಾ. ಇದು ಮೊದಲನೇ ಮಾದರಿ, ಬೆಳಕು ಬಿಡುವ ಕಿಂಡಿ ಜೂಮ್ ಉದ್ದಕ್ಕೂ ಎಫ್/3.5ರವರೆಗೆ ತೆರೆಯುತ್ತೆ (ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು).

ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟೆ. ಧೂಳಿತ್ತು, ಅದಕ್ಕೆ ತಲೆ ಕೆಡಿಸಿಕೊಳ್ಳಲ್ಲ. ಆದರೆ ಮುಂದಿನ ಗಾಜಿನ ಒಳಗೆ, ಅಂಚಿನಲ್ಲಿ, ಜೇಡರ ಬಲೆಯ ಹಾಗೆ ಸಣ್ಣ ಎಳೆಗಳು. ಫಂಗಸ್, ಅಂದರೆ ಬೂಷ್ಟು! ಎಫ್/16ಕ್ಕೆ ಇಟ್ಟು ಹಿಂದಿನ ಲಿವರ್ ತಳ್ಳಿ ಬಿಟ್ಟೆ. ಕಿಂಡಿಯ ಬ್ಲೇಡುಗಳು ಟಕ್ ಅಂತ ಮುಚ್ಚಿಕೊಂಡವು, ಎಣ್ಣೆ ಪಸೆ ಇಲ್ಲ. ಮುಖ ಕೆಳಗೆ ಮಾಡಿದರೆ ಮಾತ್ರ ಜೂಮ್ ತಾನಾಗೇ ಜಾರುತ್ತೆ. ಹಳೇ ತಳ್ಳು-ಎಳೆ ಜೂಮ್‌ಗಳಲ್ಲಿ ಅದು ಮಾಮೂಲು.

ಫಂಗಸ್ ತೋರಿಸಿ ಸಾವಿರದ ಎಂಟುನೂರಕ್ಕೆ ಇಳಿಸಿದೆ. ಅವರ ಮುಖ ನೋಡಿ ಪಾಪ ಅನ್ನಿಸಿತು, ಅದೂ ನಿಜ.

ಭಾನುವಾರ ದೇವರಾಯನದುರ್ಗದ ಬೆಟ್ಟಕ್ಕೆ ಒಯ್ದೆ. ಭಾರ ಅಂದರೆ ಭಾರ, ಕುತ್ತಿಗೆ ನೋವು ಬಂತು. ಕೈ ಅಲುಗಿ ಚಿತ್ರ ಮಸುಕಾಗದಿರಲಿ ಅಂತ, 210ರಲ್ಲಿ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಮಾಡಲಿಲ್ಲ. ರೋಲ್ ತೊಳೆಸಿ ನೋಡಿದರೆ ಎಫ್/3.5ರಲ್ಲಿ ಅಂಚುಗಳು ಸ್ವಲ್ಪ ಮಸುಕು, ಎಫ್/8ರಲ್ಲಿ ಬಂಡೆ ಮೇಲಿನ ಕೋತಿಯ ಮೀಸೆ ಕೂದಲೂ ಎಣಿಸಬಹುದು. ಸೂರ್ಯನಿಗೆ ಎದುರಾಗಿ ತೆಗೆದ ಎರಡು ಫ್ರೇಮ್ ಮಾತ್ರ ಸುಮ್ನೆ ಬಿಳಿಚಿಕೊಂಡಿವೆ. ಲೆನ್ಸನ್ನು ಈಗ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ, ಫಂಗಸ್ ಹರಡದಿರಲಿ ಅಂತ ಉಳಿದ ಲೆನ್ಸ್‌ಗಳಿಂದ ದೂರ.