ಮೂರು ಸಾಲಿನ ಈಮೇಲ್

ಈ ವಾರವಿಡೀ ತಲೆಯಲ್ಲಿ ಸುತ್ತುತ್ತಿರುವುದು ಒಂದೇ ಈಮೇಲ್. ಮೂರೇ ಸಾಲು. "ಕ್ಷಮಿಸಿ, ಮಗಳಿಗೆ ಜ್ವರ ಬಂದಿತ್ತು. ಡಿಸ್ಕ್ ತುಂಬಿಹೋಗಿತ್ತು. ಸರ್ವರ್ ಈಗ ಎದ್ದಿದೆ."

ಶನಿವಾರ ರಾತ್ರಿ ನನ್ನ ಮಾಸ್ಟೊಡಾನ್ ತೆರೆಯಲೇ ಇಲ್ಲ. ಅದು ಟ್ವಿಟರಿನಂಥದ್ದೇ ಜಾಲತಾಣ, ಆದರೆ ಒಂದೇ ಕಂಪನಿಯದಲ್ಲ, ಬೇರೆ ಬೇರೆ ಜನ ತಮ್ಮ ತಮ್ಮ ಸರ್ವರಿನಲ್ಲಿ ನಡೆಸುತ್ತಾರೆ. ಗೆಳತಿಯ ಖಾತೆ ಬೇರೆ ಸರ್ವರಿನಲ್ಲಿದೆ, ಅದು ಆರಾಮಾಗಿ ನಡೀತಿತ್ತು. ನಮ್ಮನೆಯಲ್ಲಿ ಕರೆಂಟ್ ಹೋಗಿ ಎದುರು ಮನೆಯಲ್ಲಿ ಟಿವಿ ಕೇಳಿಸಿದರೆ ಆಗುತ್ತಲ್ಲ, ಅಂಥ ಉರಿ. ಸರ್ವರ್ ನಡೆಸುವವರಿಗೆ ಒಂದು ಖಾರವಾದ ಪತ್ರ ಬರೆದೆ. "ಹೀಗಾದರೆ ಯಾರು ಬಳಸ್ತಾರೆ? ಯಾವಾಗ ಸರಿಹೋಗುತ್ತೆ ಅಂತ ಹೇಳುವಷ್ಟು ಸೌಜನ್ಯವೂ ಇಲ್ಲವೇ?" ಅವರಿಗೆ ಇಲ್ಲಿಯವರೆಗೆ ನಾನು ಕೊಟ್ಟ ದುಡ್ಡು ಸೊನ್ನೆ. ಬೆಳಗಾಗುವಷ್ಟರಲ್ಲಿ ಆ ಮೂರು ಸಾಲು ಬಂತು.

ನಾನು ಅಲ್ಲಿಗೆ ಹೋಗಿದ್ದು 2022ರಲ್ಲಿ, ಇಲಾನ್ ಮಸ್ಕ್ ಟ್ವಿಟರ್ ಕೊಂಡುಕೊಂಡಾಗ ಎದ್ದ ಗುಳೆಯಲ್ಲಿ. ಕರೆದುಕೊಂಡು ಹೋದ ಗೆಳೆಯ ತಿಂಗಳಿಗೇ ಹಳೇ ಮನೆಗೆ ವಾಪಸಾದ. ಅವನು ಯಾವಾಗಲೂ ಹಾಗೇ, ಜಿಮ್ಮಿಗೆ ಸೇರಿಸಿದ್ದೂ ಅವನೇ. ನನಗೋ ಮೊದಲ ದಿನವೇ ತಲೆ ಕೆಟ್ಟಿತ್ತು. ಹೆಸರಲ್ಲಿ ಎರಡೆರಡು ಅಟ್ ಗುರುತು! ಗೆಳತಿಯ ಹೆಸರು ಹುಡುಕಿದರೆ ಯಾರ್‍ಯಾರೋ ಬಂದರು. ಬರೀ ಹೆಸರು ಸಾಲದು, ಸರ್ವರಿನ ವಿಳಾಸವನ್ನೂ ಸೇರಿಸಬೇಕು ಅಂತ ಆಮೇಲೆ ಗೊತ್ತಾಯಿತು. ನಮ್ಮಜ್ಜಿ ಯಾರನ್ನು ಕಂಡರೂ "ಯಾವೂರು, ಯಾರ ಮನೆ?" ಅಂತ ಕೇಳುತ್ತಿದ್ದಳಲ್ಲ, ಹಾಗೆ. ಊರುಗಳು ಬೇರೆ ಬೇರೆ, ಆದರೆ ಆಕ್ಟಿವಿಟಿಪಬ್ ಅನ್ನುವ ಒಂದೇ ಭಾಷೆಯಲ್ಲಿ ಮಾತಾಡುತ್ತವೆ.

ಇಷ್ಟೆಲ್ಲ ಕಲಿತು ಒಳಗೆ ಹೋದರೆ ಟೈಮ್‌ಲೈನ್ ಖಾಲಿ. ಯಾರನ್ನು ಫಾಲೋ ಮಾಡುತ್ತೀರೋ ಅವರದ್ದು ಮಾತ್ರ ಕಾಣುತ್ತದೆ, ನಿಮಗಾಗಿ ಆರಿಸಿ ತಂದು ಬಡಿಸುವ ಅಲ್ಗಾರಿದಮ್ ಇಲ್ಲ. ಬೇಜಾರಾಗಿ ಬೆಕ್ಕಿನ ಫೋಟೋ ಹಾಕುವವರನ್ನೆಲ್ಲ ಫಾಲೋ ಮಾಡಿದೆ. ಶನಿವಾರ ಬಂದರೆ 'ಕ್ಯಾಟರ್ಡೇ' ಅಂತ ಲೋಕದ ಬೆಕ್ಕುಗಳೆಲ್ಲ ಮೆರವಣಿಗೆ ಹೊರಡುತ್ತವೆ.

ಈಗ ಡಿಸ್ಕಿನ ವಿಷಯಕ್ಕೆ ಬರ್ತೀನಿ. ಬೇರೆ ಸರ್ವರಿನವರು ಹಾಕಿದ ಚಿತ್ರ ನನಗೆ ಕಾಣಬೇಕಾದರೆ ಅದರದ್ದೊಂದು ಪ್ರತಿ ನಮ್ಮ ಸರ್ವರಿಗೆ ಬಂದು ಕೂರುತ್ತದೆ. ಹಳೆಯದನ್ನು ಆಗಾಗ ಗುಡಿಸದಿದ್ದರೆ ಡಿಸ್ಕ್ ತುಂಬುತ್ತದೆ. ಗುಡಿಸಬೇಕಾದವರು ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದರೇನೋ. ನನ್ನ ಬೆಕ್ಕುಗಳು ಮಾತ್ರ ಬಂದು ಬೀಳುತ್ತಲೇ ಇದ್ದವು.

ಬ್ಯಾಂಕು, ಫೋನ್ ಕಂಪನಿ ಅಂತ ಎಷ್ಟು ಕಡೆ ದೂರು ಬರೆದಿದ್ದೀನೋ ಲೆಕ್ಕವಿಲ್ಲ. "ನಿಮ್ಮ ಅಭಿಪ್ರಾಯ ನಮಗೆ ಮುಖ್ಯ" ಅಂತ ಯಂತ್ರ ಹೇಳುತ್ತದೆ. ಆ ಕಡೆ ಯಾರೂ ಇಲ್ಲ ಅಂತ ಗ್ಯಾರಂಟಿ ಇರುವುದರಿಂದಲೇ ನನ್ನ ನಾಲಿಗೆ ಇಷ್ಟು ಉದ್ದವಾಗಿರಬೇಕು. ನಮ್ಮ ಬೀದಿಯ ಅಂಗಡಿ ಬಾಗಿಲು ಹಾಕಿದ್ದರೆ "ಯಾಕೆ, ಹುಷಾರಿಲ್ವಾ?" ಅಂತ ತಾನೇ ಮೊದಲು ಕೇಳ್ತೀವಿ?

ಸರ್ವರ್ ಎದ್ದ ಮೇಲೆ, ಅಲ್ಲಿಯವರೆಗೆ ಬೇರೆ ಕಡೆ ಕಾದಿದ್ದ ಪೋಸ್ಟುಗಳು ನಲ್ಲಿಯಲ್ಲಿ ನೀರು ಬಂದ ಹಾಗೆ ತಡವರಿಸುತ್ತಾ ಬಂದವು. ಬಹುಪಾಲು ಬೆಕ್ಕುಗಳೇ. ಅರ್ಧದಷ್ಟನ್ನು ಅನ್‌ಫಾಲೋ ಮಾಡಿದೆ. ಆಮೇಲೆ ಅವರಿಗೆ "ಮಗಳು ಹೇಗಿದ್ದಾಳೆ?" ಅಂತ ಬರೆದೆ. "ಈಗ ಇಡ್ಲಿ ಬೇಡ, ಐಸ್‌ಕ್ರೀಮ್ ಬೇಕು ಅಂತಿದ್ದಾಳೆ" ಅಂತ ಉತ್ತರ ಬಂತು.