ನೀಲಕುರಿಂಜಿಯ ಹೂವಿಲ್ಲದ ವರ್ಷಗಳು

2018ರಲ್ಲಿ ಮುನ್ನಾರಿನ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿದಾಗ ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿ ಕಡೆಯಿಂದಲೂ ಜನ ವ್ಯಾನು ಮಾಡಿಕೊಂಡು ಉಡುಮಲೈ, ಮರೆಯೂರು ದಾರಿಯಾಗಿ ನೋಡಲು ಹೋಗಿದ್ದರು. ಆಗಸ್ಟಿನ ಮಹಾಮಳೆಗೆ ಮುನ್ನಾರು–ಮರೆಯೂರು ರಸ್ತೆಯ ಪೆರಿಯವರೈ ಸೇತುವೆ ಕುಸಿದು, ಇರವಿಕುಳಂ ರಾಷ್ಟ್ರೀಯ ಉದ್ಯಾನದ ಬಾಗಿಲು ಕೆಲಕಾಲ ಮುಚ್ಚಿದ್ದರೂ ಉತ್ಸಾಹ ಕುಗ್ಗಿರಲಿಲ್ಲ. ಅಲ್ಲಿನ ಮುಂದಿನ ಸರದಿ 2030ಕ್ಕೆ. ಇದು ಎಲ್ಲರಿಗೂ ಗೊತ್ತು. ನಡುವಿನ ಹನ್ನೊಂದು ವರ್ಷ ಆ ಗಿಡ ಹೇಗೆ ಬದುಕುತ್ತದೆ ಎಂದು ಕೇಳುವವರು ಮಾತ್ರ ವಿರಳ. ನನ್ನ ಕಳವಳವೆಲ್ಲ ಆ ವರ್ಷಗಳದ್ದೇ.

ಸಸ್ಯಶಾಸ್ತ್ರಜ್ಞರು ಸ್ಟ್ರೊಬಿಲಾಂಥಿಸ್ ಕುಂಥಿಯಾನಾ ಎಂದು ಕರೆಯುವ ಈ ಗಿಡ ಸುಮಾರು 1,300ರಿಂದ 2,400 ಮೀಟರ್ ಎತ್ತರದ ಹುಲ್ಲುಗಾವಲಿನ ಇಳಿಜಾರುಗಳಲ್ಲಿ ಬೆಳೆಯುವ ಪೊದೆ. ಸಾಮಾನ್ಯವಾಗಿ ಮೊಣಕಾಲು ದಾಟಿದರೆ ಹೆಚ್ಚು. ಬೀಜದಿಂದ ಮೊಳೆತು, ವರ್ಷಗಟ್ಟಲೆ ಹಸಿರಾಗಿಯೇ ನಿಂತು, ಒಮ್ಮೆ ಮಾತ್ರ ಹೂ ಬಿಟ್ಟು, ಬೀಜ ಚೆಲ್ಲಿ ಸಾಯುತ್ತದೆ. ಒಂದು ಬೆಟ್ಟದ ಗಿಡಗಳೆಲ್ಲ ಒಟ್ಟಿಗೆ ಹುಟ್ಟಿ ಒಟ್ಟಿಗೆ ಅರಳುವುದರಿಂದ ಬೀಜ ಒಂದೇ ಕಾಲಕ್ಕೆ ರಾಶಿಯಾಗಿ ಬೀಳುತ್ತದೆ. ತಿನ್ನುವ ಪ್ರಾಣಿಗಳು ಎಷ್ಟೇ ತಿಂದರೂ ನೆಲಕ್ಕೆ ಸಾಕಷ್ಟು ಉಳಿಯುತ್ತದೆ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ಒಂದು ವಿವರಣೆ. ತುಡುವೆ ಜೇನುಗಳಿಗಂತೂ ಅದು ಸುಗ್ಗಿ. ಪಳಿಯರ್ ಬುಡಕಟ್ಟಿನ ಜನ ತಮ್ಮ ವಯಸ್ಸನ್ನು ಈ ಹೂವಿನ ಸುತ್ತುಗಳಿಂದಲೇ ಲೆಕ್ಕ ಹಾಕುತ್ತಿದ್ದರಂತೆ.

ಚಿಕ್ಕಮಗಳೂರು, ಕೊಡಗಿನ ಬೆಟ್ಟಗಳು ನೀಲಿಯಾದ ಸುದ್ದಿ ಬೇರೆ ಬೇರೆ ವರ್ಷಗಳಲ್ಲಿ ಬರುವುದನ್ನು ಕಂಡು ಗೊಂದಲಗೊಳ್ಳಬೇಕಿಲ್ಲ. ಈ ಕುಲದಲ್ಲಿ ನೂರಾರು ಜಾತಿಗಳಿವೆ, ಅವುಗಳ ಅವಧಿಯೂ ಬೇರೆ ಬೇರೆ.

ಹೂವಿಲ್ಲದ ಕಾಲದಲ್ಲಿ ಕುರಿಂಜಿ ಬರೀ ಕುರುಚಲು ಗಿಡ. ಅದು ನಿಂತಿರುವ ಹುಲ್ಲುಗಾವಲು ನೋಡುವವರ ಕಣ್ಣಿಗೆ ಬರೀ ಬಯಲು. ಬ್ರಿಟಿಷರ ಕಣ್ಣಿಗೂ ಅದು ಹಾಗೆಯೇ ಕಂಡದ್ದರಿಂದ ಹತ್ತೊಂಬತ್ತನೇ ಶತಮಾನದಲ್ಲಿ ನೀಲಗಿರಿಯ ಹುಲ್ಲುಗಾವಲಿಗೆ ಆಸ್ಟ್ರೇಲಿಯಾದ ವ್ಯಾಟಲ್ ಮತ್ತು ನೀಲಗಿರಿ ಮರಗಳು ಬಂದವು, ಚಹಾ ತೋಟಗಳೂ ಹಬ್ಬಿದವು. ಸ್ವಾತಂತ್ರ್ಯ ಬಂದ ಮೇಲೂ ಚರ್ಮ ಹದ ಮಾಡಲು ಬೇಕಾದ ತೊಗಟೆಗೆ, ರೇಯಾನಿನ ತಿರುಳಿಗೆ ಎಂದು ಅದೇ ಮರಗಳನ್ನು ಇನ್ನಷ್ಟು ವಿಸ್ತಾರವಾಗಿ ನೆಡಲಾಯಿತು. ಬಿಸಿಲಿಗೆ ಒಗ್ಗಿದ ಹುಲ್ಲಿಗೂ ಕುರಿಂಜಿಗೂ ಒತ್ತಾದ ಆ ನೆರಳಿನಲ್ಲಿ ಬದುಕಿಲ್ಲ. ಹುಲ್ಲಿನ ಬೇರುಗಳು ಹಿಡಿದಿಟ್ಟುಕೊಂಡು ಹುಲ್ಲುಗಾವಲಿನ ನಡುವಿನ ಕಣಿವೆಗಳಲ್ಲಿ ಬೆಳೆಯುವ ಸೋಲೆಕಾಡಿನ (ಶೋಲಾ) ತೊರೆಗಳಿಗೆ ನಿಧಾನವಾಗಿ ಬಿಡುವ ಮಳೆನೀರಿನ ವ್ಯವಸ್ಥೆಯೂ ಇದರಿಂದ ಕೆಡುತ್ತದೆ.

ಆದ್ದರಿಂದಲೇ ಗಿಡ ನೆಡುವುದೆಲ್ಲ ಪುಣ್ಯದ ಕೆಲಸ ಎಂಬ ನಂಬಿಕೆಯನ್ನು ನಾನು ಎತ್ತರದ ಹುಲ್ಲುಗಾವಲುಗಳ ಮಟ್ಟಿಗೆ ಒಪ್ಪಲಾರೆ. 1950ರಿಂದ ನಡೆದುಬಂದಿರುವ ವನಮಹೋತ್ಸವದ ಮೇಲೆ ನನಗೆ ಗೌರವವಿದೆ. ನಮ್ಮ ಕನ್ನಡ ಶಾಲೆಗಳ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಹೊಂಗೆಯನ್ನೋ ಬೇವನ್ನೋ ನೆಡುವುದು ಆಗಲೇಬೇಕಾದ ಕೆಲಸ. ಅದೇ ಉತ್ಸಾಹದಲ್ಲಿ ಸಸಿಗಳನ್ನು ಹೊತ್ತು ಬೆಟ್ಟದ ನೆತ್ತಿಗೆ ಹೋಗುವುದು ಮಾತ್ರ ಬೇಡ.

ಕಾನೂನಿನ ರಕ್ಷಣೆ ತಡವಾಗಿಯಾದರೂ ದೊರೆತಿದೆ. ಇಡುಕ್ಕಿ ಜಿಲ್ಲೆಯಲ್ಲಿ 2006ರಲ್ಲಿ ಕುರಿಂಜಿಮಲ ಅಭಯಾರಣ್ಯ ಘೋಷಣೆಯಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯು ನೀಲಕುರಿಂಜಿಯನ್ನು ಸಂರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಿದ್ದರಿಂದ ಕಾಡಿನಲ್ಲಿ ಅದನ್ನು ಕೀಳುವುದು ಈಗ ಅಪರಾಧ. ಆದರೆ ಹೂ ಕೀಳುವ ಕೈಯನ್ನು ತಡೆಯುವ ಕಾನೂನು ವ್ಯಾಟಲ್ ಹಬ್ಬುವುದನ್ನು ತಡೆಯಲಾರದು. ತಮಿಳುನಾಡು ಸರ್ಕಾರ ಆಕ್ರಮಣಕಾರಿ ಸಸ್ಯಗಳ ತೆರವಿಗೆ 2022ರಲ್ಲಿ ರೂಪಿಸಿದ ನೀತಿಯ ಮೇಲೆ ನನಗೆ ಹೆಚ್ಚು ಭರವಸೆಯಿರುವುದು ಅದಕ್ಕಾಗಿಯೇ. ವ್ಯಾಟಲ್ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುವುದರಿಂದ ಮರ ಕಡಿದರಷ್ಟೇ ಸಾಲದು. ಕಡಿದ ಜಾಗಕ್ಕೆ ಪ್ರತಿ ಮಳೆಗಾಲದ ನಂತರ ಹೋಗಿ ಎಳೆಯ ಸಸಿಗಳನ್ನು ಬೇರುಸಮೇತ ಕಿತ್ತು, ಸ್ಥಳೀಯ ಹುಲ್ಲನ್ನು ಮತ್ತೆ ನಾಟಬೇಕು. ಈ ಕೆಲಸಕ್ಕೆ ಕೈಜೋಡಿಸಲು ನಮ್ಮ ಕಡೆಯ ಯುವಕರು ಮುಂದೆ ಬರುವುದಾದರೆ, ಅರಣ್ಯ ಇಲಾಖೆಯ ಅನುಮತಿ ಪಡೆದು, ಹೂವಿಲ್ಲದ ಈ ವರ್ಷಗಳಲ್ಲೇ ಬರಲಿ.