ನಡಿಗೆ ಮತ್ತು ಬಿಪಿ: ನಲ್ ಹೈಪಾಥಿಸಿಸ್ ಬರೆದಾಯ್ತು

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಸಂಜೆ ನಡಿಗೆಗೆ ಸೇರುವವರ ಬಿಪಿ ನೋಡುವ ಯೋಜನೆ ಈ ವಾರ ಸ್ವಲ್ಪ ಮುಂದೆ ಹೋಯ್ತು. ನಲ್ ಹೈಪಾಥಿಸಿಸ್ ಅಂದರೆ 'ಏನೂ ಬದಲಾಗಿಲ್ಲ' ಅಂತ ಮೊದಲೇ ಬರೆದಿಟ್ಟು, ಆಮೇಲೆ ಅಂಕಿಗಳಿಂದ ಪರೀಕ್ಷಿಸುವ ಹೇಳಿಕೆ. ಅಳತೆ ಇನ್ನೂ ಶುರು ಮಾಡಿಲ್ಲ, ಬೇಕೆಂದೇ. ಅಂಕಿ ಕೈಗೆ ಬಂದ ಮೇಲೆ ಹೈಪಾಥಿಸಿಸ್ ಬರೆದರೆ ಅದು ಅಂಕಿಗೆ ತಕ್ಕಂತೆ ಬಾಗಿಬಿಡುತ್ತೆ.

ಜೊತೆಗಿರುವ ಅಣ್ಣ ಒಬ್ಬರು ಮೊದಲು ಸೂಚಿಸಿದ್ದು 'ನಡಿಗೆಯಿಂದ ಬಿಪಿ ಇಳಿಯುವುದಿಲ್ಲ' ಅಂತ. ಯಾರ ಬಿಪಿ, ಯಾವಾಗ, ಮೇಲಿನ ಅಂಕಿಯೋ ಕೆಳಗಿನದೋ, ಯಾವುದೂ ಅದರಲ್ಲಿಲ್ಲ. ಕೂತು ತಿದ್ದಿದ ಮೇಲೆ ಹೀಗಾಯ್ತು: 'ಬಿಪಿ ಮಾತ್ರೆ ತಗೊಳ್ಳದ, 30ರಿಂದ 60 ವಯಸ್ಸಿನ ನಡಿಗೆಯವರಲ್ಲಿ ನಡಿಗೆ ಶುರು ಮಾಡುವ ಮೊದಲು, 6 ವಾರಕ್ಕೆ, 12 ವಾರಕ್ಕೆ ಸಿಸ್ಟೋಲಿಕ್ ಬಿಪಿಯ (ಮೇಲಿನ ಅಂಕಿಯ) ಸರಾಸರಿ ಒಂದೇ.' ಇದಕ್ಕೆ ಎದುರು: ಮೂರರಲ್ಲಿ ಒಂದಾದರೂ ಬೇರೆ. ಮೂರೂ ಬೇರೆಯಾಗಬೇಕಿಲ್ಲ, ಇದನ್ನು ತುಂಬಾ ಜನ ತಪ್ಪು ತಿಳೀತಾರೆ.

ಒಬ್ಬರಿಗೆ ಸದಾ 145 ಇರುತ್ತೆ, ಇನ್ನೊಬ್ಬರಿಗೆ 110. ಅದೇ ಜನರನ್ನು ಮೂರು ಸಲ ಅಳೆದರೆ ಈ ಆಳಿಂದಾಳಿಗೆ ಇರುವ ವ್ಯತ್ಯಾಸವನ್ನು ಬದಿಗಿಡಬಹುದು, ಪ್ರತಿಯೊಬ್ಬರನ್ನೂ ಅವರ ಜೊತೆಗೇ ಹೋಲಿಸಬಹುದು. ಹಾಗಾಗಿ ರಿಪೀಟೆಡ್ ಮೆಷರ್ಸ್ ಅನೋವಾ, ಅಂದರೆ ಅದೇ ಜನರನ್ನು ಹಲವು ಸಲ ಅಳೆದ ಸರಾಸರಿಗಳನ್ನು ಹೋಲಿಸುವ ಪರೀಕ್ಷೆ. ಎರಡೆರಡು ಅಳತೆಗಳ ನಡುವಿನ ವ್ಯತ್ಯಾಸ ಚದುರುವುದು ಹೆಚ್ಚುಕಮ್ಮಿ ಒಂದೇ ಥರ ಇರಬೇಕು ಅನ್ನುವ ಶರತ್ತು ಅದಕ್ಕಿದೆ. ಅದು ಕೂಡದಿದ್ದರೆ ಗ್ರೀನ್‌ಹೌಸ್-ಗೈಸರ್ ತಿದ್ದುಪಡಿ (ಪರೀಕ್ಷೆಯನ್ನು ಇನ್ನಷ್ಟು ಬಿಗಿ ಮಾಡುವ ಲೆಕ್ಕ), ಅದನ್ನೂ ಈಗಲೇ ಬರೆದಿಟ್ಟಿದ್ದೇವೆ. ಫ್ರೀಡ್‌ಮನ್ ಪರೀಕ್ಷೆ ಬೇಡ ಅಂದೆ, ಅದು ನೋಡುವುದು ಸರಾಸರಿಯನ್ನಲ್ಲ, ಒಬ್ಬೊಬ್ಬರ ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಸಿಗುವ ರ‍್ಯಾಂಕ್‌ಗಳನ್ನು. ಅದನ್ನು ಹಿಡಿದರೆ 'ಸರಾಸರಿ' ಅನ್ನುವ ನಮ್ಮ ವಾಕ್ಯವೇ ಬದಲಾಗಬೇಕು.

ನನಗೆ ನಿಜವಾಗಿ ತಲೆ ಕೆಡಿಸಿದ್ದು ಹವೆ. ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಶುರು ಮಾಡಿದರೆ 12ನೇ ವಾರ ಜನವರಿ ಚಳಿಗೆ ಬಂದು ಬೀಳುತ್ತೆ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುವುದು ಗೊತ್ತಿರುವ ಸಂಗತಿ. ಅದರ ಮೇಲೆ ಅಡಿಕೆ ಗೊನೆ ಕೊಯ್ಲು, ಸುಲಿಯುವ ಕೆಲಸ, ರಾತ್ರಿ ಹೊತ್ತು ಮೀರಿ ಎಚ್ಚರ. ನಡಿಗೆ ಇಳಿಸಿದ್ದನ್ನು ಚಳಿ ಏರಿಸಿ, ಸರಾಸರಿ ಅಲ್ಲೇ ನಿಂತಂತೆ ಕಾಣಬಹುದು. ಆಗ ನಲ್ ಬಿದ್ದಿಲ್ಲ, ಅಂದರೆ ಅದನ್ನು ತಳ್ಳಿಹಾಕಲು ಆಧಾರ ಸಿಕ್ಕಿಲ್ಲ ಅಂತ ಮಾತ್ರ ಹೇಳಬಹುದು, ನಡಿಗೆ ಉಪಯೋಗವಿಲ್ಲ ಅಂತ ಅಲ್ಲ. ಬಿದ್ದರೂ ಅಷ್ಟೇ: ಬಿಪಿ ಬದಲಾಗಿದೆ ಅಂತ ತಿಳಿಯುತ್ತೆ, ಯಾವುದರಿಂದ ಅಂತ ತಿಳಿಯಲ್ಲ, ಅಲ್ವಾ?

ಅಳೆಯುವ ಕ್ರಮ ಗೋಡೆಗೆ ಅಂಟಿಸಿದ್ದೇವೆ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಕವಳ (ಎಲೆ-ಅಡಿಕೆ), ಬೀಡಿ ಇಲ್ಲ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ 5 ನಿಮಿಷ ಸುಮ್ನೆ ಕೂರಬೇಕು. ತೋಳು ಎದೆ ಮಟ್ಟದಲ್ಲಿ. ನಿಮಿಷ ಬಿಟ್ಟು ಎರಡು ಸಲ ಅಳತೆ, ಮಾತಾಡೋ ಹಾಗಿಲ್ಲ.

ಚಳಿಯ ಗೊಂದಲ ಬಿಡಿಸೋಕೆ ಈಗ ಪಕ್ಕದೂರಿನ, ನಡಿಗೆಗೆ ಬಾರದ ಕೆಲವರನ್ನು ನೀವೂ ಅಳತೆಗೆ ಬರ್ತೀರಾ ಅಂತ ಕೇಳಿದ್ದೇವೆ. ಅವರಿಗೂ ಅದೇ ಚಳಿ, ಅದೇ ಕೊಯ್ಲು. ಒಪ್ಪಿದರೆ ಮುಖ್ಯ ನಲ್ ಹೊಸದಾಗಿ ಬರೆಯಬೇಕು: ಮೂರೂ ಹೊತ್ತಿನಲ್ಲಿ ಸರಾಸರಿ ಬಿಪಿ ಏರಿಳಿಯುವ ರೀತಿ ಎರಡೂ ಗುಂಪಿನಲ್ಲಿ ಒಂದೇ.